ತೂತಿಲ್ಲದ ಓಬೇದ

ನಮ್ಮೂರಿನಲ್ಲಿ ಗಂಡು ನೋಡಲು ಬಂದವರು ಮುಂಬಾಗಿಲು ತಟ್ಟುವುದಿಲ್ಲ. ಸೀದಾ ಹಿತ್ತಲಿಗೆ ಹೋಗುತ್ತಾರೆ. ಹಗ್ಗದ ಮೇಲಿನ ಅಂಗಿಯನ್ನು ಬಿಸಿಲಿಗೆ ಎತ್ತಿ ಹಿಡಿದು ಎಲ್ಲೆಲ್ಲಿ ತೂತಿದೆ, ಎಲ್ಲೆಲ್ಲಿ ತೇಪೆಯಿದೆ, ತೇಪೆ ಹಾಕಿದವರು ಯಾರು ಎಂದು ವಿಚಾರಿಸುತ್ತಾರೆ. ಉಪ್ಪಿಟ್ಟು, ಕಾಫಿ, ಜಾತಕದ ಮಾತು, ಕುಲಗೋತ್ರದ ಮಾತು ಎಲ್ಲ ಆಮೇಲೆ.

ತಪ್ಪು ಮಾಡಿದವನ ಬಟ್ಟೆ ಒಗೆದು ಒಣಹಾಕಿದರೆ ಸಾಕು, ನೀರಾರುತ್ತಿದ್ದಂತೆ ತೂತು ಬಿಚ್ಚಿಕೊಳ್ಳುತ್ತದೆ. ಚಾಡಿ ಹೇಳಿದ್ದರೆ ಹುಣಸೆಬೀಜದಷ್ಟು, ಒಡಹುಟ್ಟಿದವರಿಗೆ ಮೋಸ ಮಾಡಿದ್ದರೆ ಅಂಗೈಯಷ್ಟು. ತನ್ನ ತೂತನ್ನು ತಾನೇ ಹೊಲಿದುಕೊಂಡರೆ ನಿಲ್ಲುವುದಿಲ್ಲ. ಇನ್ನೊಬ್ಬರು ತಾವು ಉಟ್ಟ ಬಟ್ಟೆಯಿಂದಲೇ ಒಂದು ಚೂರು ಕತ್ತರಿಸಿ ತೇಪೆ ಹಾಕಬೇಕು. ಹಾಕಿದವರಿಗೆ ಅವನ ಮೇಲೆ ಪ್ರೀತಿಯಿದ್ದರೆ ಆ ತೇಪೆ ಬಟ್ಟೆ ಚಿಂದಿಯಾಗುವವರೆಗೂ ಇರುತ್ತದೆ. ಇಲ್ಲದಿದ್ದರೆ ಅದೇ ದಿನ ಸಂಜೆ, ಚರ್ಚಿನ ಆರರ ಗಂಟೆಗೆ ಸರಿಯಾಗಿ, ಒಣಗಿದ ಎಲೆಯ ಹಾಗೆ ಕೆಳಗೆ ಬೀಳುತ್ತದೆ. ಪ್ರೀತಿ ತಪ್ಪುಗಳನ್ನು ಮುಚ್ಚುತ್ತದೆ ಎಂದು ಬೇರೆ ಊರಿನ ಅಯ್ಯನವರು ಪೀಠದ ಮೇಲೆ ನಿಂತು ಬೋಧಿಸುತ್ತಾರಂತೆ. ನಮ್ಮ ಅಯ್ಯನವರು ಆ ವಾಕ್ಯ ಓದಿ ಮುಗಿಸಿದ ಮೇಲೆ ಏನೂ ಹೇಳುವುದಿಲ್ಲ, ಸುಮ್ಮನೆ ತಮ್ಮ ನಿಲುವಂಗಿಯ ಮೊಣಕೈ ತೋರಿಸುತ್ತಾರೆ. ಅಲ್ಲಿ ಅವರ ಅತ್ತೆ ಹಾಕಿದ ತೇಪೆಯೊಂದಿದೆ. ಅತ್ತೆ ಹಾಕಿದ ತೇಪೆ ನಿಂತ ಮೇಲೆ ಇನ್ನೇನು ಬೋಧಿಸುವುದಿದೆ?

ಇದಕ್ಕೆಲ್ಲ ಜನ ಹೊಂದಿಕೊಂಡುಬಿಟ್ಟಿದ್ದಾರೆ. ಊರಿನಲ್ಲಿ ಬೇಕರಿ ಒಂದೇ, ದಾರದ ಅಂಗಡಿಗಳು ಐದು. ಆರರ ಗಂಟೆಯಾದ ಕೂಡಲೇ ಯಾವುದಾದರೊಂದು ಮನೆಯಿಂದ "ನೋಡ್ದ್ಯಾ, ಬಿತ್ತು! ನಂಗೆ ಗೊತ್ತಿತ್ತು!" ಎಂಬ ಕೂಗು ಕೇಳುತ್ತದೆ, ನೆರೆಯವರು ರೇಡಿಯೋ ಸಣ್ಣಗೆ ಮಾಡಿ ಕಿವಿಗೊಡುತ್ತಾರೆ. ಗಂಡನ ಅಂಗಿಯ ಮೇಲೆ ಗುರುತಿಲ್ಲದ ಸೀರೆಯ ತೇಪೆ ಕಂಡು, ಅದೂ ಆರು ಗಂಟೆ ದಾಟಿ ನಿಂತದ್ದನ್ನು ಕಂಡು, ಹೆಂಡತಿಯರು ಬೀದಿಬೀದಿ ಸುತ್ತಿ ಸೀರೆ ಹುಡುಕಿದ್ದೂ ಇದೆ. ಮುನ್ಸಿಪಾಲಿಟಿ ಅಧ್ಯಕ್ಷರಾದ ಹನೋಕಪ್ಪನವರು ಎಲ್ಲರಿಗಿಂತ ಸುಲಭದ ದಾರಿ ಕಂಡುಕೊಂಡಿದ್ದರು. ಒಗೆದರೆ ತಾನೇ ತೂತು? ಅವರು ಹನ್ನೊಂದು ವರ್ಷದಿಂದ ತಮ್ಮ ಕರಿ ಕೋಟು ಒಗೆದಿರಲಿಲ್ಲ. ಮೇಲೆ ಅತ್ತರು ಹಾಕಿಕೊಳ್ಳುತ್ತಿದ್ದರು. ಸಭೆಯಲ್ಲಿ ಜನ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಿಕೊಂಡು ಕೂರುತ್ತಿದ್ದರು.

ಇಂಥ ಊರಿನಲ್ಲಿ ನಾನೊಬ್ಬ ತೂತಿಲ್ಲದ ಮನುಷ್ಯ. ಹೆಸರು ಓಬೇದ, ಕೆಲಸ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವುದು. ನನ್ನ ಏಳು ಬಿಳಿ ಅಂಗಿಗಳಲ್ಲಿ ಒಂದರಲ್ಲೂ ಸೂಜಿಮೊನೆಯಷ್ಟು ತೂತಿಲ್ಲ. ಸುಣ್ಣದ ಬೀದಿಯ ಈ ಬಾಡಿಗೆ ಮನೆಗೆ ಬಂದು ಒಂಬತ್ತು ವರ್ಷ. ಮೊದಲ ವರ್ಷ ತೂತುಗಳೇನೋ ಬೀಳುತ್ತಿದ್ದವು, ಪಿನ್ನು ಚುಚ್ಚಿಕೊಂಡು ಓಡಾಡುತ್ತಿದ್ದೆ. ಆಮೇಲೆ ಒಂದೊಂದಾಗಿ ಬೀಳುವುದು ನಿಂತೇಹೋಯಿತು. ನಾನು ಸುಧಾರಿಸಿದೆ ಎಂದುಕೊಂಡೆ. ಹೇಗೆ ಸುಧಾರಿಸಿದೆ, ಯಾವತ್ತು ಸುಧಾರಿಸಿದೆ ಎಂದು ನೆನಪಿರಲಿಲ್ಲ, ಆದರೆ ನಿದ್ದೆ ಯಾವಾಗ ಬಂತು ಎಂದೂ ಯಾರಿಗೂ ನೆನಪಿರುವುದಿಲ್ಲವಲ್ಲ. ಊರವರ ಪೋಸ್ಟ್ ಕಾರ್ಡುಗಳನ್ನು ಓದುವ ಅಭ್ಯಾಸವಿತ್ತು. ಅದಕ್ಕೂ ತೂತು ಬೀಳದ್ದರಿಂದ ಅದು ತಪ್ಪಲ್ಲವೆಂದು ಖಾತ್ರಿಯಾಯಿತು. ಓದಿದ್ದನ್ನು ನಾಲ್ಕು ಜನಕ್ಕೆ ಹೇಳುವುದೂ ತಪ್ಪಲ್ಲವೆಂದು ಆಮೇಲೆ ಖಾತ್ರಿಯಾಯಿತು.

ನನ್ನ ಮನೆಯ ಆಚೆಗೆ ಇರುವುದು ಒಂದೇ ಮನೆ, ಚಿಪ್ಪೋರಮ್ಮನದು. ಅದರಾಚೆ ಸಮಾಧಿತೋಟದ ಗೋಡೆ. ಚಿಪ್ಪೋರಮ್ಮ ಎಪ್ಪತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಬಾಯಿ ಮಾತ್ರ ಇತ್ತು, ನಾಲ್ಕು ಜನ ಮಕ್ಕಳಿಗಾಗುವಷ್ಟು. ನಾನು ಸೋಪಿನ ನೀರು ಚೆಲ್ಲಿದರೆ ಜಗಳ, ಬಚ್ಚಲಲ್ಲಿ ಹಾಡಿದರೆ ಜಗಳ. ಅವರ ಹುಂಜ ನನ್ನ ಕಿಟಕಿಯ ಮೇಲೇ ಕೂತು ಕೂಗಿದರೆ ನಾನು ಜಗಳಕ್ಕೆ ಹೋಗುತ್ತಿದ್ದೆ. ಬಟ್ಟೆ ಒಣಹಾಕುವ ಹಗ್ಗ ಮಾತ್ರ ಎರಡೂ ಮನೆಗೆ ಒಂದೇ. ಒಂದು ತುದಿ ಅವರ ಸೀಬೆಮರಕ್ಕೆ, ಇನ್ನೊಂದು ತುದಿ ನನ್ನ ಬಚ್ಚಲಿನ ಮೊಳೆಗೆ. ಗಂಡ ಹೋದ ಮೇಲೆ ಅವರ ತೂತುಗಳಿಗೆ ತೇಪೆ ಹಾಕುವವರಿರಲಿಲ್ಲ. ಬಿಳಿ ಸೀರೆಗೆ ಉದ್ದಕ್ಕೂ ಪಿನ್ನು ಚುಚ್ಚಿಕೊಂಡು ಚರ್ಚಿಗೆ ಬರುತ್ತಿದ್ದರು, ನಡೆದರೆ ಸಣ್ಣಗೆ ಝಣಝಣ ಎನ್ನುತ್ತಿತ್ತು. ಇನ್ನೂ ವಿಚಿತ್ರವೆಂದರೆ ಅವರ ಸೀರೆ ವರ್ಷದಿಂದ ವರ್ಷಕ್ಕೆ ಮೋಟಾಗುತ್ತ ಬಂದಿತ್ತು. ಮೊದಲು ಹಿಮ್ಮಡಿ ಕಂಡಿತು, ಆಮೇಲೆ ಹರಡು, ಆಮೇಲೆ ಮೀನಖಂಡ. ಅವರಿಗೆ ‘ಮುಕ್ಕಾಲಮ್ಮ’ ಎಂದು ಹೆಸರಿಟ್ಟವನು ನಾನೇ. ಅಂಚೆ ಕಚೇರಿಯಲ್ಲಿ ಹತ್ತು ಗಂಟೆಗೆ ಇಟ್ಟ ಹೆಸರು ಮಧ್ಯಾಹ್ನದ ಹೊತ್ತಿಗೆ ಮೀನು ಮಾರುಕಟ್ಟೆ ಮುಟ್ಟಿತ್ತು.

ತೂತಿಲ್ಲದ ಗಂಡೆಂಬ ಸುದ್ದಿ ಹನೋಕಪ್ಪನವರ ಕಿವಿಗೂ ಬಿದ್ದು, ಅವರು ಮಗಳು ಕೆಜೀಯಳನ್ನು ಕರೆದುಕೊಂಡು ನನ್ನ ಹಿತ್ತಲಿಗೆ ಬಂದರು. ಕೆಜೀಯ ಐದು ದಾರದ ಅಂಗಡಿಗಳಲ್ಲಿ ಒಂದನ್ನು ನಡೆಸುತ್ತಿದ್ದಳು. ದಾರ ಕೊಳ್ಳುವ ನೆಪದಲ್ಲಿ ನಾನು ಎರಡು ವರ್ಷ ಅಲ್ಲಿಗೆ ಹೋಗಿದ್ದೆ. ತೂತೇ ಇಲ್ಲದವನಿಗೆ ದಾರವೇಕೆ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಅದೇ ನನ್ನ ಧೈರ್ಯ.

ಅವಳು ಅಂಗಿಯನ್ನು ಬಿಸಿಲಿಗೆ ಹಿಡಿದಳು. ತಿರುಗಿಸಿದಳು. ಬೆರಳಲ್ಲಿ ಉಜ್ಜಿದಳು.

"ಒಂದೂ ಇಲ್ವಾ?"

"ಒಂದೂ ಇಲ್ಲ," ಎಂದೆ, ಆದಷ್ಟು ವಿನಯದಿಂದ.

"ತೇಪೆ?"

"ಬೇಕಾಗಲಿಲ್ಲ."

"ಬಟ್ಟೆ ಯಾಕೋ ದಪ್ಪಗಿದೆ. ಯಾವ ಮಿಲ್ಲಿಂದು?"

"ಒಳ್ಳೆ ಮಿಲ್ಲಿಂದು," ಎಂದೆ.

ಹನೋಕಪ್ಪನವರು ಅತ್ತರಿನ ಸಮೇತ ಮುಂದೆ ಬಂದು ನನ್ನ ಭುಜ ತಟ್ಟಿದರು. "ಏನಮ್ಮಾ ನೋಡ್ತೀಯ ಇನ್ನೂ? ಇಂಥ ಅಳಿಯ ಸಿಕ್ಕಿದ್ರೆ ನನ್ನ ಮನೆತನಕ್ಕೇ ಹೊಸ ಬಣ್ಣ ಹೊಡೆದ ಹಾಗೆ."

ಅವರು ಹುಂಜವನ್ನು ನೋಡಲು ಅತ್ತ ಹೋದಾಗ ಕೆಜೀಯ ಸಣ್ಣ ದನಿಯಲ್ಲಿ ಕೇಳಿದಳು. "ಹಾಗಾದ್ರೆ ನಿಮ್ಮನೇಲಿ ನನಗೇನ್ರಿ ಕೆಲಸ?"

"ಅಂದ್ರೆ?"

"ನಮ್ಮಪ್ಪ ಕೋಟು ಒಗೆಯೋಕೆ ಕೊಡ್ಲಿಲ್ಲ ಅಂತ ನಮ್ಮಮ್ಮ ತವರಿಗೆ ಹೋಗಿ ಹನ್ನೊಂದು ವರ್ಷ ಆಯ್ತು. ಸೂಜಿ ಹಿಡ್ಕೊಂಡು ಬಾಗಿಲಲ್ಲಿ ನಿಂತೇ ಇರೋಳು. ‘ನಂಗೇನಾಗಿದೆ, ಏನೂ ಆಗಿಲ್ಲ’ ಅನ್ನೋರು ಇವರು. ಏನೂ ಆಗದೇ ಇರೋ ಇನ್ನೊಬ್ಬರ ಜೊತೆ ಬದುಕೋಕೆ ನಂಗಾಗಲ್ಲ." ಅವಳು ಅಂಗಿಯನ್ನು ಮತ್ತೆ ಹಗ್ಗಕ್ಕೆ ಹಾಕಿದಳು. "ನಿಶ್ಚಿತಾರ್ಥಕ್ಕೆ ಮೂರು ವಾರ ಇದೆ. ಅಷ್ಟರಲ್ಲಿ ಒಂದು ತೂತು ಮಾಡ್ಕೊಂಡು ಬನ್ನಿ. ಸಣ್ಣದಾದ್ರೂ ಪರವಾಗಿಲ್ಲ. ಇಲ್ದಿದ್ರೆ ನಾನೊಲ್ಲೆ."

ನಮ್ಮಲ್ಲಿ ನಿಶ್ಚಿತಾರ್ಥದ ಭಾನುವಾರ ಗಂಡಿನ ಅಂಗಿಯನ್ನು ಚರ್ಚಿನ ಅಂಗಳದಲ್ಲಿ ಒಗೆದು ಎಲ್ಲರೆದುರು ಒಣಹಾಕುತ್ತಾರೆ. ತೂತು ಬಿದ್ದಾಗ ಇದು ಯಾವುದಕ್ಕೆ ಎಂದು ಹೆಣ್ಣು ಕೇಳುತ್ತಾಳೆ, ಗಂಡು ಹೇಳಬೇಕು. ಹೆಣ್ಣು ತನ್ನ ಸೆರಗಿನ ಚೂರು ಕತ್ತರಿಸಿ ತೇಪೆ ಹಾಕುತ್ತಾಳೆ. ಆರರ ಗಂಟೆಗೆ ಅದು ಬೀಳದಿದ್ದರೆ ಪಾಯಸ. ಬಿದ್ದರೆ ಪಾಯಸ ತಿಂದು ಅವರವರ ಮನೆಗೆ ಅವರವರು. ಹೇಗಿದ್ದರೂ ಪಾಯಸ ಇರುತ್ತದೆ, ಅದಕ್ಕೆ ಜನ ಬರುತ್ತಾರೆ.

ತಪ್ಪು ಮಾಡುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಮರುದಿನ ಚಿಪ್ಪೋರಮ್ಮನ ಮರದಿಂದ ನಾಲ್ಕು ಸೀಬೆಹಣ್ಣು ಕದ್ದೆ. ಒಂದು ತಿಂದು ಮೂರನ್ನು, ಪಾಪ ಹೆಚ್ಚಾಗಲಿ ಎಂದು, ಬಚ್ಚಲಿಗೆ ಎಸೆದೆ. ಆ ಅಂಗಿ ಒಗೆದು ಹಾಕಿ ಕಚೇರಿಗೆ ಹೋದೆ. ಸಂಜೆ ಬಂದು ನೋಡಿದರೆ ಒಣಗಿ ಗರಿಗರಿಯಾಗಿ ತೂಗುತ್ತಿತ್ತು, ತೂತಿಲ್ಲ. ಸ್ಕೂಲ್ ಮಾಸ್ತರರಿಗೆ ಬಂದ ವರ್ಗಾವಣೆಯ ಕಾಗದವನ್ನು ಎರಡು ದಿನ ಡ್ರಾಯರಿನಲ್ಲಿಟ್ಟೆ. ತೂತಿಲ್ಲ. ಬೇಕರಿಯವನ ಪೋಸ್ಟ್ ಕಾರ್ಡನ್ನು ಅಭಿನಯದ ಸಮೇತ ಓದಿ ತೋರಿಸಿದೆ. ತೂತಿಲ್ಲ. ಎರಡನೇ ವಾರ ರೋಸಿಹೋಗಿ ಚಿಪ್ಪೋರಮ್ಮನ ಹುಂಜವನ್ನು ಅಂಚೆ ಚೀಲದಲ್ಲಿ ತುಂಬಿ, ಇಲ್ಲದ ವಿಳಾಸವೊಂದನ್ನು ಬರೆದು ಬಸ್ಸಿಗೆ ಹಾಕಿದೆ. ಮೂರು ದಿನಕ್ಕೆ ಅದು ‘ವಿಳಾಸದಾರರು ಸಿಕ್ಕಲಿಲ್ಲ’ ಎಂಬ ಚೀಟಿ ಕಟ್ಟಿಸಿಕೊಂಡು, ಮೊದಲಿಗಿಂತ ದಪ್ಪವಾಗಿ ವಾಪಸ್ಸು ಬಂತು. ಆ ಮೂರು ದಿನ ಚಿಪ್ಪೋರಮ್ಮ ಬೀದಿಯುದ್ದಕ್ಕೂ "ಬಾ ಬಾ ಬಾ" ಎಂದು ಕರೆಯುತ್ತ ಅಲೆದರು. ನನ್ನ ಅಂಗಿ ಮಾತ್ರ ಹಾಲಿನಂತಿತ್ತು.

ಕೆಜೀಯಳ ಅಂಗಡಿಗೆ ಹೋಗಿ ಕೈಚೆಲ್ಲಿದೆ. "ನನ್ನ ಕೈಲಿ ಪಾಪ ಆಗ್ತಾ ಇಲ್ಲ ಕೆಜೀಯ. ನನಗೆ ಅಂಟೋದೇ ಇಲ್ಲ ಅನ್ಸುತ್ತೆ."

ಅವಳು ದಾರದ ಉಂಡೆ ಸುತ್ತುವುದನ್ನು ನಿಲ್ಲಿಸದೆ ಕೇಳಿದಳು. "ಬಟ್ಟೆ ಒಣಗೋವಾಗ ಯಾವತ್ತಾದ್ರೂ ಪಕ್ಕದಲ್ಲಿ ಕೂತು ನೋಡಿದ್ದೀರಾ?"

"ಕಚೇರಿ ಇರುತ್ತಲ್ಲ."

"ಒಂದಿನ ರಜ ಹಾಕಿ ನೋಡಿ."

ರಜ ಹಾಕಿ ನೋಡುವುದೇ ಆದರೆ ನೋಡತಕ್ಕಂಥ ಒಂದು ತಪ್ಪು ಮಾಡಿಯೇ ಹಾಕೋಣವೆಂದುಕೊಂಡೆ. ಆ ಭಾನುವಾರ ಆರಾಧನೆ ಮುಗಿದು ಎಲ್ಲರೂ ಅಂಗಳದಲ್ಲಿ ನಿಂತಿದ್ದರು. ಅಯ್ಯನವರು ನೆರೆಯವನನ್ನು ನಿನ್ನ ಹಾಗೇ ಪ್ರೀತಿಸು ಎಂಬ ಮಾತನ್ನೇ ಆ ದಿನ ಓದಿದ್ದರು. ಮೋಶೆ ಹೇಳಿದ ಮಾತು, ಯೇಸುಸ್ವಾಮಿ ಮತ್ತೆ ಹೇಳಿದ ಮಾತು. ಎರಡೆರಡು ಸಲ ಹೇಳಬೇಕಾಯಿತು ಎಂದರೆ ಮೊದಲ ಸಲ ಯಾರೂ ಕೇಳಿಸಿಕೊಂಡಿರಲಿಲ್ಲ ಎಂದು ಅರ್ಥ, ಎಂದೂ ಹೇಳಿದ್ದರು. ಚಿಪ್ಪೋರಮ್ಮ ಝಣಝಣ ಎನ್ನುತ್ತ ಮೆಟ್ಟಿಲಿಳಿದು ಬಂದರು. ಸೀರೆ ಮೀನಖಂಡವನ್ನೂ ದಾಟಿ ಮೇಲೇರಿತ್ತು. ನಾನು ಎಲ್ಲರಿಗೂ ಕೇಳುವಂತೆ ಕೂಗಿದೆ. "ಮುಕ್ಕಾಲಮ್ಮನೋರೇ! ಮುಕ್ಕಾಲು ನಿಮ್ಮ ಮೈಮೇಲಿದೆ, ಸರಿ. ಉಳಿದ ಕಾಲು ಭಾಗ ಯಾರಿಗೆ ಉಡಿಸಿದ್ರಿ?"

ಅಂಗಳಕ್ಕೆ ಅಂಗಳವೇ ನಕ್ಕಿತು. ಹನೋಕಪ್ಪನವರು ಕೋಟು ಅಲುಗುವಂತೆ ನಕ್ಕದ್ದರಿಂದ ಹತ್ತಿರದವರು ಮೂಗು ಮುಚ್ಚಿಕೊಂಡು ನಕ್ಕರು. ಚಿಪ್ಪೋರಮ್ಮ ನಿಂತರು. ನನಗೆ ಗೊತ್ತಿದ್ದ ಅವರ ಬಾಯಿ ಅಷ್ಟರಲ್ಲಿ ನನ್ನ ಏಳು ತಲೆಮಾರನ್ನು ಒಗೆದು ಒಣಹಾಕಬೇಕಿತ್ತು. ಆದರೆ ಅವರು ನನ್ನ ಅಂಗಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ "ಹುಂ" ಎಂದಷ್ಟೇ ಹೇಳಿ ಹೋದರು.

ಸೋಮವಾರ ಆ ಅಂಗಿ ಒಗೆದು ಹಾಕಿ, ಕಚೇರಿಗೆ ಹೊರಟವನಂತೆ ಹೊರಟು, ಹಿಂದಿನಿಂದ ಬಂದು ಬಚ್ಚಲಿನೊಳಗೆ ಬಾಗಿಲು ಓರೆಮಾಡಿಕೊಂಡು ಕೂತೆ. ಹನ್ನೊಂದಕ್ಕೆ ನೀರು ತೊಟ್ಟಿಕ್ಕುವುದು ನಿಂತಿತು. ಹನ್ನೆರಡಕ್ಕೆ ಅಂಗಿಯ ಬೆನ್ನು ಬೆಳ್ಳಗಾಗತೊಡಗಿತು. ಆಗ ಕಂಡಿತು. ನಡು ಬೆನ್ನಿನಲ್ಲಿ ಒಂದು ಚುಕ್ಕೆ, ಹಾಲು ಒಡೆದಂತೆ ಅಗಲವಾಗುತ್ತ, ಊಟದ ತಟ್ಟೆಯಷ್ಟು ದೊಡ್ಡ ತೂತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಆ ತೂತಿನೊಳಗಿಂದ ಸೀಬೆಮರ ಕಾಣುತ್ತಿತ್ತು. ಆಮೇಲೆ ಮರಕ್ಕೆ ಅಡ್ಡವಾಗಿ ಚಿಪ್ಪೋರಮ್ಮನ ಮುಖ ಕಂಡಿತು.

"ಬಂದ್ಯಾ?" ಎಂದು ಅವರು ತೂತನ್ನೇ ಕೇಳಿದರು. "ನೆನ್ನೇನೇ ಅಂದ್ಕೊಂಡೆ, ಇವತ್ತು ಊಟ ಲೇಟಾಗುತ್ತೆ ಅಂತ."

ಒಂದು ಮಣೆ ಹಾಕಿಕೊಂಡು ಕೂತರು. ಕನ್ನಡಕ ಏರಿಸಿ, ಬೆರಳಿಗೆ ಹಿತ್ತಾಳೆಯ ಟೋಪಿ ಹಾಕಿಕೊಂಡರು. ಆಮೇಲೆ ತಮ್ಮ ಸೀರೆಯ ಕೆಳಗಿನ ಅಂಚನ್ನು ಹಿಡಿದು ಒಂದು ಎಳೆ ಎಳೆದರು. ಅದು ಸರ್ರನೆ ಉದ್ದಕ್ಕೆ ಬಂತು, ಸೀರೆ ಒಂದು ಕೂದಲಿನಷ್ಟು ಮೋಟಾಯಿತು. ಎಳೆಯನ್ನು ಬಾಯಲ್ಲಿ ಒದ್ದೆಮಾಡಿ ಸೂಜಿಗೆ ಪೋಣಿಸಿದರು. ಎರಡು ಸಲ ತಪ್ಪಿತು, ಎರಡೂ ಸಲ ನನ್ನ ಹೆಸರು ಹಿಡಿದು ಬೈದರು. ಮೂರನೇ ಸಲ ಹೋಯಿತು. ತೂತಿನ ಈ ಅಂಚಿನಿಂದ ಆ ಅಂಚಿಗೆ ಎಳೆ ಹಾಸಿ, ಅಡ್ಡಕ್ಕೆ ಒಂದು ಮೇಲೆ ಒಂದು ಕೆಳಗೆ ಹೆಣೆಯುತ್ತ ಹೋದರು. ರಫು. ತೇಪೆಯಲ್ಲ, ರಫು. ಮುಗಿದರೆ ಅಲ್ಲಿ ತೂತಿತ್ತೆಂದು ನೇಯ್ದವನಿಗೂ ಗೊತ್ತಾಗಬಾರದು.

ನಾನು ಬಚ್ಚಲಿನಲ್ಲಿ ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಹೊರಗೆ ಬರುವಾಗ ಬಕೀಟು ಎಡವಿದೆ. ಅವರು ತಲೆಯೆತ್ತಲಿಲ್ಲ.

"ಕಚೇರಿ ಇಲ್ವೇನೋ ಇವತ್ತು?"

"ಏನ್ಮಾಡ್ತಿದ್ದೀರಿ?"

"ಕಾಣಲ್ವಾ? ದೋಸೆ ಹುಯ್ತಾ ಇದ್ದೀನಿ."

"ಎಷ್ಟು ವರ್ಷದಿಂದ?"

"ನೀನು ಬಂದಾಗಿಂದ. ಮೊದಲ ವರ್ಷ ಒಂದೂ ನಿಲ್ಲಲಿಲ್ಲ. ದಿನಾ ಮಧ್ಯಾಹ್ನ ಹಾಕೋದು, ಸಂಜೆ ಉದುರೋದು. ಗುಬ್ಬಿಗಳು ಗೂಡು ಕಟ್ಟಿಕೊಂಡ್ವು ಅದರಲ್ಲೇ." ಹಲ್ಲಿನಿಂದ ದಾರ ಕಡಿದರು. "ನಿನ್ನ ಮೇಲೆ ಪ್ರೀತಿ ಬರೋದು ಅಂದ್ರೆ ಏನು ಸುಲಭವೇನೋ? ಸೋಪಿನ ನೀರು ನನ್ನ ಬದನೆಗಿಡಕ್ಕೆಲ್ಲ ಬಿಡ್ತಿದ್ದೆ."

"ಆಮೇಲೆ ಹೇಗೆ ನಿಂತಿತು?"

"ಒಂದಿನ ಬಚ್ಚಲಲ್ಲಿ ಹಾಡ್ತಿದ್ದೆ. ಮೇಲಿನ ಸ್ವರಕ್ಕೆ ಹತ್ತೋಕೆ ಹೋಗಿ ಕತ್ತು ಹಿಸುಕಿದ ಮೇಕೆ ಥರ ಆಯ್ತು ನಿನ್ನ ದನಿ. ಅಲ್ಲಿಗೇ ಬಿಟ್ಟುಬಿಡ್ತಾನೆ ಅಂದ್ಕೊಂಡೆ. ಬಿಡ್ಲಿಲ್ಲ ನೀನು, ಮತ್ತೆ ಮೊದಲಿಂದ ಶುರುಮಾಡ್ದೆ. ನಗು ಬಂತು. ಆವತ್ತು ಹಾಕಿದ್ದು ನಿಂತ್ಕೊಂತು. ನಂಗೇ ಆಶ್ಚರ್ಯ."

"ಯಾಕೆ ಚಿಪ್ಪೋರಮ್ಮ? ನಾನು ನಿಮಗೇನಾಗಬೇಕು?"

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನೆರೆಯವನನ್ನ ಪ್ರೀತಿಸು ಅಂತ ಬರೆದಿದೆ. ಆಕಡೆ ನೋಡಿದೆ, ಸಮಾಧಿ ಗೋಡೆ. ಈಕಡೆ ನೋಡಿದೆ, ನೀನು. ನಾನೇನು ಮಾಡ್ಲಿ? ಆರಿಸೋಕೆ ಇನ್ನೊಬ್ಬ ಇದ್ದಿದ್ರೆ ನಿನ್ನನ್ನ ಯಾಕೆ ಮುಟ್ತಿದ್ದೆ?"

ನಾನು ನೆಲದ ಮೇಲೆ ಕೂತೆ. ಹುಂಜ ಬಂದು ನನ್ನನ್ನೇ ದಿಟ್ಟಿಸಿತು. ನನ್ನ ಏಳು ಅಂಗಿಗಳಲ್ಲಿ ಅವರ ಸೀರೆಯ ಎಷ್ಟು ಗಜ ಇದೆಯೋ ಎಂದು ಮನಸ್ಸು ಅಳೆಯತೊಡಗಿತು, ಅಳತೆ ಸಿಗಲಿಲ್ಲ. ಕೊನೆಗೆ, ನಾಚಿಕೆಗೆಟ್ಟವನು ನಾನು, ನನಗೆ ಬೇಕಾದ್ದನ್ನೇ ಕೇಳಿದೆ. ಕೆಜೀಯಳ ವಿಷಯ ಪೂರಾ ಹೇಳಿ, "ಈ ಒಂದನ್ನ ಹಾಗೇ ಬಿಡಿ ಅಮ್ಮಾ," ಎಂದೆ.

"ಇದನ್ನಾ? ಇದು ಯಾವುದು ಗೊತ್ತೇನೋ? ನನ್ನ ಹೆಸರಿಂದು. ಸೀಬೆಹಣ್ಣಿಂದು ಬೇಕಿದ್ರೆ ಬಿಡ್ತಿದ್ದೆ, ನೋಡೋಕೂ ಚೆನ್ನಾಗಿತ್ತು, ಗುಂಡಗೆ. ಅದನ್ನ ಆಗ್ಲೇ ಮುಚ್ಚಿಬಿಟ್ಟೆ. ಹುಂಜದ್ದೂ ಮುಚ್ಚಿದೆ. ಹುಂಜದ್ದಕ್ಕೆ ಎರಡು ದಿನ ಬೇಕಾಯ್ತು, ಕೋಪ ಇಳೀಲಿಲ್ಲ."

"ಮುಚ್ಚಿದ್ದನ್ನ ಬಿಚ್ಚೋಕಾಗಲ್ವಾ?"

"ಬಿಚ್ಚೋದು ನಂಗೆ ಬರಲ್ಲ," ಎಂದರು. ಅರ್ಧ ಮುಗಿದಿದ್ದ ರಫುವನ್ನು ಅಲ್ಲಿಗೇ ಗಂಟು ಹಾಕಿ ಎದ್ದರು. ತಟ್ಟೆಯಷ್ಟಿದ್ದ ತೂತು ಬಟ್ಟಲಷ್ಟಾಗಿತ್ತು. "ತಗೋ. ಎಲ್ಲರ ಮುಂದೆ ಇದು ಏತಕ್ಕೆ ಅಂತ ಕೇಳ್ತಾಳೆ ಅವಳು. ಸುಳ್ಳು ಹೇಳಿದ್ರೆ ಅಲ್ಲೇ ಇನ್ನೊಂದು ಬೀಳುತ್ತೆ, ಅದಕ್ಕೆ ನಾನು ಜವಾಬ್ದಾರಳಲ್ಲ."

ನಿಶ್ಚಿತಾರ್ಥದ ಭಾನುವಾರ ಊರಿಗೆ ಊರೇ ಬಂದಿತ್ತು. ತೂತಿಲ್ಲದ ಅಂಗಿ ಒಗೆಯುವುದನ್ನು ನೋಡುವ ಭಾಗ್ಯ ದಿನಾ ಸಿಗುತ್ತದೆಯೇ? ಹನೋಕಪ್ಪನವರು ಎಲ್ಲರ ನಡುವೆ ಕುರ್ಚಿ ಹಾಕಿಸಿಕೊಂಡು ಕೂತು, "ನೋಡಿ, ನೋಡಿ," ಎನ್ನುತ್ತಿದ್ದರು. ಅಂಗಿಯನ್ನು ಒಗೆಯಲು ಹರವಿದ ಕೂಡಲೇ ಬೆನ್ನಿನ ಮೇಲಿನ ಬಟ್ಟಲಷ್ಟು ತೂತು ಎಲ್ಲರಿಗೂ ಕಂಡಿತು. ಹಿಂದಿದ್ದವರು ತುದಿಗಾಲಲ್ಲಿ ನಿಂತು ಕತ್ತು ಚಾಚಿದರು. ಹನೋಕಪ್ಪನವರ ಬಾಯಿ ತೆರೆದೇ ಉಳಿಯಿತು.

ಕೆಜೀಯ ಅಂಗಿಯನ್ನು ಬಿಸಿಲಿಗೆ ಎತ್ತಿ ಹಿಡಿದಳು. ಅವಳ ಮುಖ ಅರಳಿತು. "ಇದು ಯಾವುದಕ್ಕೆ?"

ಹೇಳಿದೆ. ಅಂಗಳದಲ್ಲಿ ಕೂಗಿದ ಆ ಮಾತನ್ನು ಮತ್ತೊಮ್ಮೆ, ಈ ಸಲ ಮೆಲ್ಲಗೆ ಹೇಳಿದೆ. ಯಾರೂ ನಗಲಿಲ್ಲ. ಆ ದಿನ ನಕ್ಕವರ ಬಟ್ಟೆಗಳಿಗೂ ಆ ವಾರ ಸಾಸಿವೆಕಾಳಿನಷ್ಟು ತೂತುಗಳು ಬಿದ್ದಿದ್ದವಂತೆ, ಆಮೇಲೆ ಗೊತ್ತಾಯಿತು. ಕೆಜೀಯ ತೂತಿನ ಸುತ್ತ ಬೆರಳಾಡಿಸುತ್ತ, ಕಣ್ಣು ಕಿರಿದು ಮಾಡಿ, ತೋಳು ನೋಡಿದಳು, ಕಾಲರ್ ನೋಡಿದಳು, ಜೇಬು ನೋಡಿದಳು. ದಾರದ ಅಂಗಡಿಯವಳ ಕಣ್ಣು. "ರೀ, ಈ ಅಂಗಿಲಿ ಅಂಗಿಗಿಂತ ರಫುನೇ ಜಾಸ್ತಿ ಇದೆಯಲ್ರಿ! ಒಳ್ಳೆ ಮಿಲ್ಲು ಅಂದ್ರಿ?" ಅವಳು ಜನರ ಕಡೆ ತಿರುಗಿದಳು. ಅವಳ ಕಣ್ಣು ನೇರ ಹೋಗಿ ಒಂದು ಮೋಟು ಬಿಳಿ ಸೀರೆಯ ಅಂಚಿನ ಮೇಲೆ ನಿಂತಿತು. ತನ್ನ ಹಸಿರು ಸೆರಗಿನ ಚೂರು ಕತ್ತರಿಸಿ, ಕೂತು, ತೇಪೆ ಹಾಕಿದಳು. ಒಳ್ಳೆಯ ತೇಪೆ, ಇರುವೆಸಾಲು ಹರಿದಂಥ ಹೊಲಿಗೆ.

ಪಾಯಸ ಕುದಿಯಿತು. ಜನ ಕಾದರು. ಆರು ಗಂಟೆ ಹೊಡೆಯಿತು. ಮೊದಲನೇ ಹೊಡೆತಕ್ಕೆ ಏನೂ ಆಗಲಿಲ್ಲ. ನಾಲ್ಕನೆಯದಕ್ಕೆ ತೇಪೆಯ ಒಂದು ಮೂಲೆ ಬಾಗಿತು. ಆರನೆಯದಕ್ಕೆ ಹಸಿರು ಚೂರು ಗಾಳಿಯಲ್ಲಿ ಒಂದು ಸುತ್ತು ತಿರುಗಿ, ನನ್ನ ಕಾಲ ಬಳಿ ಬಿತ್ತು.

"ಮುಗೀತು!" ಹನೋಕಪ್ಪನವರು ಎದ್ದರು. "ತೂತಿಲ್ಲ ಅಂತ ಹೇಳಿ ಊರಿಗೆ ಊರನ್ನೇ ಏಮಾರಿಸಿದ್ದಾನೆ. ನಡಿಯಮ್ಮ ಮನೆಗೆ."

ಕೆಜೀಯ ಬಗ್ಗಿ ಆ ಚೂರನ್ನು ಎತ್ತಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ಅವಳು ಅದನ್ನು ಝಾಡಿಸಿ ಧೂಳು ಹೊಡೆಯುತ್ತಿದ್ದಳು. "ಬೀಳದೇ ಇನ್ನೇನಪ್ಪಾ? ಎರಡು ವರ್ಷದಿಂದ ನಾನು ಇಷ್ಟಪಟ್ಟಿದ್ದು ತೂತಿಲ್ಲದವರನ್ನ. ಈ ತೂತಿನವರ ಪರಿಚಯ ನಂಗೆ ಬೆಳಿಗ್ಗೆಯಷ್ಟೇ ಆಯ್ತು."

"ಶಾಸ್ತ್ರ ಅಂದ್ರೆ ಶಾಸ್ತ್ರ! ಆರಕ್ಕೆ ಬಿತ್ತು ಅಂದ್ರೆ ಮುಗೀತು!"

ಆಗ ಗುಂಪಿನ ಹಿಂದಿನಿಂದ ಝಣಝಣ ಸದ್ದು ಬಂತು. ಚಿಪ್ಪೋರಮ್ಮ ಬಂದು ನಡುವೆ ನಿಂತರು. ಅವರ ಮಂಡಿಯ ಕೆಳಗಿನ ಕಾಲುಗಳನ್ನು ಆ ಸಂಜೆ ಎಲ್ಲರೂ ನೋಡಿದರು, ಯಾರೂ ನೋಡದಂತೆ ನಟಿಸಲಿಲ್ಲ.

"ಒಂದೇ ದಿನಕ್ಕೆ ಮುಗಿಯೋ ಹಾಗಿದ್ರೆ ದಾರದ ಅಂಗಡಿ ಐದ್ಯಾಕೆ ಊರಲ್ಲಿ?" ಎಂದರು. "ಇವನಿಗೆ ನಾನು ಹಾಕಿದ್ದು ಒಂದು ವರ್ಷ ದಿನಾ ಬಿತ್ತು. ಒಂದು ವರ್ಷ! ಬಿದ್ದಿದ್ದಕ್ಕೆ ಯಾವನು ಹೇಳಿದ್ದು ನಿಲ್ಲಿಸು ಅಂತ? ಮೋಶೆ ಹೇಳಿದ್ನಾ? ಪ್ರೀತಿಸು ಅಂತ ಹೇಳಿದ್ದಾರೆ, ಆರು ಗಂಟೆಯೊಳಗೆ ಪ್ರೀತಿಸು ಅಂತ ಎಲ್ಲೂ ಹೇಳಿಲ್ಲ. ಏನು ಅಯ್ಯನವರೇ?"

ಅಯ್ಯನವರು ಸ್ವಲ್ಪ ಯೋಚಿಸಿ, "ಇಲ್ಲ, ಹೇಳಿಲ್ಲ," ಎಂದರು. ಅವರ ಕೈ ತಾನಾಗಿ ಮೊಣಕೈ ಮುಚ್ಚಿಕೊಂಡಿತ್ತು. ಆ ತೇಪೆ ನಿಲ್ಲಲು ಎಷ್ಟು ವರ್ಷ ಬೇಕಾಗಿತ್ತೋ, ಅವರ ಅತ್ತೆಯೇ ಬಲ್ಲರು.

"ನೀವು ಸುಮ್ನಿರಮ್ಮ," ಎಂದರು ಹನೋಕಪ್ಪನವರು. "ಇದು ಮನೆತನದ ಮಾತು."

"ಸುಮ್ನಿರ್ತೀನಿ. ಹೇಗೂ ಸೋಪಿನ ನೀರು ಇಲ್ಲೇ ಇದೆ. ನಿನ್ನ ಕೋಟು ಕೊಡಪ್ಪ ಹನೋಕ, ಒಂದು ಸಲ ಜಾಲಿಸಿಬಿಡ್ತೀನಿ."

ಹನೋಕಪ್ಪನವರು ಎರಡೂ ಕೈಯಿಂದ ಕೋಟನ್ನು ಬಿಗಿಯಾಗಿ ಹಿಡಿದುಕೊಂಡು ಕೂತುಬಿಟ್ಟರು. ಎಲ್ಲೋ ಒಬ್ಬರು ಕಿಸಕ್ಕೆಂದರು, ತಕ್ಷಣ ತಮ್ಮ ಅಂಗಿ ನೆನಪಾಗಿ ನಿಲ್ಲಿಸಿದರು. ಕೆಜೀಯ ಸೂಜಿಗೆ ಮತ್ತೆ ದಾರ ಪೋಣಿಸಿದಳು. "ಮುಂದಿನ ಭಾನುವಾರ ಬನ್ನಿ ಎಲ್ಲರೂ. ಪಾಯಸ ನಮ್ಮ ಮನೇದು."

ಎರಡನೇ ಭಾನುವಾರವೂ ಬಿತ್ತು. ಮೂರನೇ ಭಾನುವಾರ ಪಾಯಸದ ಜೊತೆ ವಡೆಯೂ ಇತ್ತು, ತೇಪೆ ಬಿತ್ತು. ನಾಲ್ಕನೆಯದಕ್ಕೆ ನಿಂತಿತು. ಯಾವುದಕ್ಕೆ ನಿಂತಿತು ಎಂದು ಕೇಳಿದೆ. "ಮೊನ್ನೆ ನೀವು ಆ ಹುಂಜಕ್ಕೆ ‘ತಪ್ಪಾಯ್ತು’ ಅಂತ ಹೇಳ್ತಿದ್ರಲ್ಲ, ಸುತ್ತಮುತ್ತ ಯಾರೂ ಇಲ್ಲ ಅಂದ್ಕೊಂಡು," ಎಂದಳು. ಮದುವೆಯಾಗಿ ಈಗ ಏಳು ತಿಂಗಳು. ಮದುವೆಯ ವಾರ ಹನೋಕಪ್ಪನವರ ಹೆಂಡತಿ ತವರಿನಿಂದ ಬಂದಿದ್ದರು. ಯಾರಿಗೂ ಏನೂ ಹೇಳದೆ ಕೋಟನ್ನು ಒಗೆದು ಹಗ್ಗಕ್ಕೆ ಹಾಕಿದರು. ಅದರಲ್ಲಿ ಎರಡು ತೋಳು ಮತ್ತು ಐದು ಗುಂಡಿ ಉಳಿದಿದ್ದವು. ಮಿಕ್ಕದ್ದನ್ನು ಅವರು ಇನ್ನೂ ಹೊಲಿಯುತ್ತಲೇ ಇದ್ದಾರೆ. ಹನೋಕಪ್ಪನವರು ಬನಿಯನ್ನಿನಲ್ಲಿ ಪಕ್ಕದಲ್ಲಿ ಕೂತು ದಾರ ಹಿಡಿದುಕೊಡುತ್ತಾರೆ.

ನಾನು ದಿನಾ ಮಧ್ಯಾಹ್ನ ಊಟದ ವಿರಾಮಕ್ಕೆ ಮನೆಗೆ ಬಂದು ಚಿಪ್ಪೋರಮ್ಮನ ಮಣೆಯ ಮೇಲೆ ಕೂರುತ್ತೇನೆ. ಹಗ್ಗದ ಮೇಲಿನ ಅವರ ಸೀರೆಯ ಒಂದೊಂದೇ ಪಿನ್ನು ತೆಗೆದು ನನ್ನ ಅಂಗಿಯ ಚೂರುಗಳಿಂದ ತೇಪೆ ಹಾಕುತ್ತೇನೆ. ರಫು ನನ್ನ ಕೈಗೆ ಬರುವುದಿಲ್ಲ. ಅವರು ಮರದಡಿ ಕೂತು, ಹೊಲಿಗೆ ವಕ್ರವಾಗಿದೆ, ಗಂಟು ಎಮ್ಮೆ ಕಟ್ಟುವ ಹಗ್ಗದಂತಿದೆ, ನಿನಗೆ ಸೂಜಿ ಕೊಟ್ಟವರಿಗೆ ಬುದ್ಧಿಯಿಲ್ಲ ಎನ್ನುತ್ತಿರುತ್ತಾರೆ. ಸಂಜೆ ಎಲ್ಲವೂ ಬೀಳುತ್ತವೆ. ಅವರ ಬಾಯಿ ಕೇಳಿದರೆ ನಿಲ್ಲುವುದು ಹೇಗೆ? ನನ್ನ ಅಂಗಿಗಳು ಸೊಂಟದ ಮೇಲಕ್ಕೆ ಬಂದಿವೆ. ಅಂಚೆ ಕಚೇರಿಯಲ್ಲಿ ಯಾರೋ ನನಗೆ ‘ಅರೆಯಂಗಿ ಓಬೇದ’ ಎಂದು ಹೆಸರಿಟ್ಟಿದ್ದಾರೆ. ಒಳ್ಳೆಯ ಹೆಸರು, ನಾನೇ ಇಟ್ಟಿದ್ದರೂ ಇಷ್ಟು ಚೆನ್ನಾಗಿರುತ್ತಿರಲಿಲ್ಲ.

ನಿನ್ನೆ ಒಂದು ಸಂಗತಿ ನಡೆಯಿತು. ಆರರ ಗಂಟೆ ಹೊಡೆದು ಮುಗಿಯಿತು. ಎಲ್ಲ ತೇಪೆಗಳೂ ಬಿದ್ದವು, ಸೆರಗಿನ ಹತ್ತಿರದ ಒಂದು ಬಿಟ್ಟು. ಅದು ಅಲ್ಲೇ ಇತ್ತು. ನಾನೂ ಚಿಪ್ಪೋರಮ್ಮನೂ ಅದನ್ನೇ ನೋಡುತ್ತ ನಿಂತೆವು. ಗಾಳಿ ಬೀಸಿತು, ಅಲುಗಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡದ್ದನ್ನು ನಾನು ನೋಡಿದೆ. ನೋಡಲಿಲ್ಲವೆಂಬಂತೆ ಅತ್ತ ತಿರುಗಿದೆ. ಅಷ್ಟರಲ್ಲಿ ಹುಂಜ ಎಲ್ಲಿತ್ತೋ, ಹಾರಿ ಬಂದು ಆ ತೇಪೆಯನ್ನು ಕಚ್ಚಿ ಎಳೆದು, ಕಿತ್ತುಕೊಂಡು, ಸಮಾಧಿತೋಟದ ಗೋಡೆ ಹಾರಿ ಓಡಿಹೋಯಿತು.

ನಾನು ತಲೆಯ ಮೇಲೆ ಕೈಹೊತ್ತು ಕೂತೆ.

"ಏಳೋ," ಎಂದರು ಚಿಪ್ಪೋರಮ್ಮ. "ಅದು ಬಿದ್ದಿದ್ದಲ್ಲ, ಕಿತ್ತಿದ್ದು. ಬಿದ್ದಿದ್ದೇ ಬೇರೆ, ಕಿತ್ತಿದ್ದೇ ಬೇರೆ. ಕತ್ತಲಾಗೋಕೆ ಇನ್ನೂ ಹೊತ್ತಿದೆ. ದಾರ ಪೋಣಿಸು."